ಎಲ್ಲ ಓಎಸ್‌ಗೂ ಒಂದೇ ಆಡಿಟ್ ಲೈಬ್ರರಿ ಬರೆಯಬಹುದಾ?

ಪ್ರಶ್ನೆ: ಸರ್, ಕಲಬುರಗಿಯ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿಯಲ್ಲಿ ಡೆವಲಪರ್ ಆಗಿದ್ದೇನೆ. ಗಂಜ್‌ನ ತೊಗರಿ ವ್ಯಾಪಾರಿಗಳಿಗೆ, ದಾಲ್ ಮಿಲ್‌ಗಳಿಗೆ ಮತ್ತು ಒಂದೆರಡು ಸಹಕಾರ ಸಂಘಗಳಿಗೆ ಖರೀದಿ, ಗೋದಾಮು, ಪೇಮೆಂಟ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇವೆ. ಸರ್ವರ್‌ಗಳು ಲಿನಕ್ಸ್. ಕೌಂಟರ್ ಮತ್ತು ವೇಬ್ರಿಡ್ಜ್ ಕಂಪ್ಯೂಟರ್‌ಗಳು ವಿಂಡೋಸ್. ಬ್ಯಾಕಪ್ ಮಷೀನ್ ಫ್ರೀಬಿಎಸ್‌ಡಿ. ಒಬ್ಬ ಮಾಲೀಕರು ಮ್ಯಾಕ್ ಬಳಸುತ್ತಾರೆ. ಸೇಡಂ, ಆಳಂದ, ಜೇವರ್ಗಿಯಲ್ಲಿ ಶಾಖೆಗಳಿವೆ, ನೆಟ್ ಆಗಾಗ ಹೋಗುತ್ತದೆ. ಇತ್ತೀಚೆಗೆ ಒಂದು ಸಂಘದಲ್ಲಿ ಹಳೆಯ ಖರೀದಿಯೊಂದರ ದರ ಬದಲಾಗಿತ್ತು. ಯಾರು ಬದಲಾಯಿಸಿದರು ಎಂದು ಲೆಕ್ಕ ತಪಾಸಣೆಗೆ ಬಂದವರು ಕೇಳಿದರು. ನಮ್ಮ ಲಾಗ್ ತೋರಿಸಿದೆವು. "ಇದನ್ನು ನೀವೇ ಬರೆದಿರಬಹುದಲ್ಲ?" ಎಂದರು. ಈಗ ಓಎಸ್‌ನ (ಆಪರೇಟಿಂಗ್ ಸಿಸ್ಟಂ) ಸೆಕ್ಯುರಿಟಿ ಆಡಿಟ್ ಲಾಗ್‌ಗೆ, ಅಂದರೆ ಯಾರು ಏನು ಮಾಡಿದರು ಎಂಬ ದಾಖಲೆಗೆ, ಬರೆಯುವ, ಅದನ್ನು ಓದುವ ಒಂದೇ ಲೈಬ್ರರಿ ಮಾಡಬೇಕೆಂದಿದ್ದೇವೆ. ಒಬ್ಬ ಸಹೋದ್ಯೋಗಿ 'ಇದಕ್ಕೆ ಪಾಸಿಕ್ಸ್ ಸ್ಟ್ಯಾಂಡರ್ಡ್ ಇದೆ' ಅನ್ನುತ್ತಾರೆ. ಇನ್ನೊಬ್ಬರು 'ಸಿಸ್‌ಲಾಗ್ ಸಾಕು' ಅನ್ನುತ್ತಾರೆ. ಲಿನಕ್ಸ್ ಸಂಖ್ಯೆಗಳನ್ನು ವಿಂಡೋಸ್ ಈವೆಂಟ್ ಐಡಿಗೆ ಹೊಂದಿಸುವ ಟೇಬಲ್ ಮಾಡಿದರೆ ಮುಗೀತು ಎಂಬುದು ನನ್ನ ಯೋಚನೆ. ಯಾವುದು ಸರಿ? ಡಿಸ್ಕ್ ತುಂಬಿ ಲಾಗ್ ಬರೆಯಲು ಆಗದಿದ್ದರೆ ಸಾಫ್ಟ್‌ವೇರ್ ನಿಲ್ಲಬೇಕಾ?

ಉತ್ತರ: ನಿಮ್ಮನ್ನು ಕಾಡುತ್ತಿರುವುದು ಆ ಒಂದು ಮಾತು: "ನೀವೇ ಬರೆದಿರಬಹುದಲ್ಲ?" ಅದು ನ್ಯಾಯವಾದ ಪ್ರಶ್ನೆ. ಲೈಬ್ರರಿಯ ವಿನ್ಯಾಸವನ್ನು ಅಲ್ಲಿಂದಲೇ ಶುರು ಮಾಡಿ. ನಾಲ್ಕು ಓಎಸ್‌ನಲ್ಲಿ ಕಂಪೈಲ್ ಆಗುವ ಕೋಡ್ ಬರೆಯುವುದು ಕಷ್ಟವಲ್ಲ. ನಾಲ್ಕು ಕಡೆಯೂ ಒಂದೇ ಅರ್ಥ ಕೊಡುವ, ಹೊರಗಿನವರು ನಂಬಬಹುದಾದ ದಾಖಲೆ ತೆಗೆಯುವುದು ಕಷ್ಟ.

ನಿಮ್ಮ ಪತ್ರದಲ್ಲಿ ಮೂರು ಕೆಲಸಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ನಿಮ್ಮ ಸಾಫ್ಟ್‌ವೇರ್ ತಾನು ಮಾಡಿದ್ದನ್ನು ಬರೆಯುವುದು ಒಂದು. ಓಎಸ್ ತಾನೇ ಬರೆದುಕೊಂಡಿದ್ದನ್ನು, ಅಂದರೆ ಯಾರು ಲಾಗಿನ್ ಆದರು, ಯಾವ ಫೈಲ್ ತೆರೆದರು ಎಂಬುದನ್ನು ಓದುವುದು ಇನ್ನೊಂದು. ಏನೇನು ಬರೆಯಬೇಕು ಎಂದು ಓಎಸ್‌ಗೆ ನಿಯಮ ಹಾಕುವುದು ಮೂರನೆಯದು. ಬರೆಯುವುದಕ್ಕೆ ಒಂದೇ ಎಪಿಐ, ಅಂದರೆ ಪ್ರೋಗ್ರಾಂಗಳು ಕರೆಯುವ ಫಂಕ್ಷನ್‌ಗಳ ಸೆಟ್, ಸಾಧ್ಯ. ಓದುವುದಕ್ಕೆ ಅರ್ಧದಷ್ಟು ಸಾಧ್ಯ. ನಿಯಮ ಹಾಕುವ ಕೆಲಸವನ್ನು ಒಂದೇ ಎಪಿಐಗೆ ತರಲು ಹೋಗಬೇಡಿ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಮೊದಲು ಪಾಸಿಕ್ಸ್ ವಿಷಯ, ಅಂದರೆ ಯುನಿಕ್ಸ್ ತರಹದ ಓಎಸ್‌ಗಳ ಎಪಿಐ ಒಂದೇ ರೀತಿ ಇರಲಿ ಎಂದು ಮಾಡಿದ ಸ್ಟ್ಯಾಂಡರ್ಡ್. ನಿಮ್ಮ ಸಹೋದ್ಯೋಗಿ ಹೇಳಿದ್ದು ಪೂರ್ತಿ ತಪ್ಪಲ್ಲ. ಪಾಸಿಕ್ಸ್ 1003.1ಇ ಎಂಬ ಕರಡು ಇತ್ತು. ಅದರಲ್ಲಿ ಆಡಿಟ್‌ಗೆಂದೇ ಫಂಕ್ಷನ್‌ಗಳ ಒಂದು ಪೂರ್ತಿ ಸೆಟ್ ಇತ್ತು: ರೆಕಾರ್ಡ್ ಶುರು ಮಾಡುವುದು, ಅದಕ್ಕೆ ವ್ಯಕ್ತಿ ಮತ್ತು ವಸ್ತುವಿನ ವಿವರ ಸೇರಿಸುವುದು, ಬರೆಯುವುದು, ಓದುವುದು. 17ನೇ ಕರಡಿನವರೆಗೂ ಬಂದ ಅದನ್ನು 1998ರಲ್ಲಿ ಕೈಬಿಟ್ಟರು. ಅದೇ ಕರಡಿನ ಎಸಿಎಲ್ (ಯಾರು ಯಾವ ಫೈಲ್ ಮುಟ್ಟಬಹುದು ಎಂಬ ಪಟ್ಟಿ) ಮತ್ತು ಕೇಪಬಿಲಿಟಿ (ಪೂರ್ಣ ಅಧಿಕಾರದ ಒಂದೊಂದು ಬಿಡಿ ಭಾಗ) ಭಾಗಗಳು ಲಿನಕ್ಸ್‌ನಂಥ ವ್ಯವಸ್ಥೆಗಳಲ್ಲಿ ಬದುಕಿದವು. ಆಡಿಟ್ ಭಾಗ ಬದುಕಲಿಲ್ಲ. ಅದೇ ವರ್ಷ ಓಪನ್ ಗ್ರೂಪ್ ಕಡೆಯಿಂದ ಎಕ್ಸ್‌ಡಾಸ್ ಎಂಬ ಇನ್ನೊಂದು ಪ್ರಾಥಮಿಕ ನಿರ್ದೇಶನ ಬಂತು, ಅದೂ ಎಲ್ಲ ಕಡೆ ಹರಡಲಿಲ್ಲ. 2022ರಲ್ಲಿ ಶುರುವಾದ ಓಸಿಎಸ್‌ಎಫ್ ಎಂಬ ಸ್ಕೀಮಾಗೆ ಈಗ ಒಳ್ಳೆಯ ಬೆಂಬಲವಿದೆ. ಆದರೆ ಅದು ಸಂಗ್ರಹಿಸಿದ ದಾಖಲೆಯ ಫೀಲ್ಡ್‌ಗಳಿಗೆ ಹೆಸರು ಕೊಡುತ್ತದೆ ಅಷ್ಟೇ. ಕರ್ನಲ್‌ಗೆ, ಅಂದರೆ ಓಎಸ್‌ನ ತಿರುಳಿಗೆ, ಬರೆಯುವ ಫಂಕ್ಷನ್ ಕೊಡುವುದಿಲ್ಲ. ಫೀಲ್ಡ್ ಹೆಸರುಗಳನ್ನು ಅದರಿಂದ ತೆಗೆದುಕೊಳ್ಳಿ, ಹೊಸದಾಗಿ ಕಂಡುಹಿಡಿಯಬೇಡಿ. ಬಳಕೆಯಲ್ಲಿರುವ ಸ್ಟ್ಯಾಂಡರ್ಡ್ ಎಪಿಐ ಮಾತ್ರ ಇಲ್ಲ.

ಸ್ಟ್ಯಾಂಡರ್ಡ್‌ಗೆ ಹತ್ತಿರ ಬಂದಿದ್ದು ಬಿಎಸ್‌ಎಂ (ಬೇಸಿಕ್ ಸೆಕ್ಯುರಿಟಿ ಮಾಡ್ಯೂಲ್). ಸನ್ ಕಂಪನಿ ಸೋಲಾರಿಸ್‌ಗಾಗಿ ಮಾಡಿದ ವಿನ್ಯಾಸ ಅದು. 2004ರಲ್ಲಿ ಆಪಲ್‌ಗಾಗಿ ಮ್ಯಾಕಫಿ ರಿಸರ್ಚ್ ಅದೇ ವಿನ್ಯಾಸವನ್ನು ಮತ್ತೆ ಬರೆಯಿತು. ಆಪಲ್ ಆ ಕೋಡನ್ನು ಮುಕ್ತವಾಗಿ ಬಿಟ್ಟಿತು, ಅದರಿಂದ ಓಪನ್‌ಬಿಎಸ್‌ಎಂ ಹುಟ್ಟಿತು, ಫ್ರೀಬಿಎಸ್‌ಡಿಗೆ ಹೋಯಿತು. ನಿಮ್ಮ ಬ್ಯಾಕಪ್ ಮಷೀನ್‌ನಲ್ಲಿ ಇರುವುದು ಅದೇ. ಅದರ ಮೂಲ ಕಲ್ಪನೆ ನನಗೆ ಇವತ್ತಿಗೂ ಇಷ್ಟ. ಒಂದು ರೆಕಾರ್ಡ್ ಅಂದರೆ ಟೋಕನ್‌ಗಳ ಸಾಲು. ಮೊದಲು ಹೆಡರ್, ಆಮೇಲೆ ಯಾರು, ಯಾವುದರ ಮೇಲೆ, ಫಲಿತಾಂಶ ಏನು, ಕೊನೆಗೆ ಟ್ರೇಲರ್. ತನಗೆ ಬೇಕಾದ ಟೋಕನ್‌ಗಳನ್ನು ಪ್ರೋಗ್ರಾಂ ಒಂದೊಂದಾಗಿ ಸೇರಿಸುತ್ತದೆ, ಕೊನೆಗೆ ಒಟ್ಟಿಗೆ ಒಪ್ಪಿಸುತ್ತದೆ. ನಿಮ್ಮ ಎಪಿಐಗೂ ಇದೇ ಆಕಾರ ಇರಲಿ.

ಇನ್ನು ಸಿಸ್‌ಲಾಗ್, ಅಂದರೆ ಪ್ರೋಗ್ರಾಂಗಳು ತಮ್ಮ ಸಾಮಾನ್ಯ ಸಂದೇಶ ಬರೆಯುವ ಲಾಗ್. ಪ್ರೋಗ್ರಾಂ ಯಾಕೆ ಕೆಟ್ಟಿತು ಎಂದು ನೋಡಲು ಅದು ಸಾಕು. ನಿಮ್ಮ ಸಂಘದ ಪ್ರಶ್ನೆಗೆ ಸಾಲದು. ಲಿನಕ್ಸ್‌ನಲ್ಲಿ ಯಾವ ಸಾಧಾರಣ ಬಳಕೆದಾರನೂ 'ಲಾಗರ್' ಎಂಬ ಕಮಾಂಡ್ ಕೊಟ್ಟು ಯಾವ ಹೆಸರಿನಲ್ಲಿ ಬೇಕಾದರೂ ಸಿಸ್‌ಲಾಗ್‌ಗೆ ಸಾಲು ಬರೆಯಬಹುದು. ತಲುಪಿತೇ ಎಂದು ಖಚಿತಪಡಿಸದ ಯುಡಿಪಿಯಲ್ಲಿ ಕಳಿಸಿದರೆ ದಾರಿಯಲ್ಲಿ ಕಳೆದುಹೋದದ್ದು ಗೊತ್ತೇ ಆಗುವುದಿಲ್ಲ. ಆಡಿಟ್ ಲಾಗ್‌ನ ಬೆಲೆ ಇರುವುದು ಎರಡು ವಿಷಯದಲ್ಲಿ. ಬರೆಯಲು ವಿಶೇಷ ಅನುಮತಿ ಬೇಕು, ಮತ್ತು ಯಾರು ಎಂಬುದರ ಒಂದು ಭಾಗವನ್ನು ಕರ್ನಲ್ ತಾನೇ ತುಂಬುತ್ತದೆ. ಲಿನಕ್ಸ್‌ನಲ್ಲಿ ಬರೆಯಲು ಆಡಿಟ್ ರೈಟ್ ಎಂಬ ಕೇಪಬಿಲಿಟಿ ಬೇಕು. ವಿಂಡೋಸ್‌ನ ಸೆಕ್ಯುರಿಟಿ ಲಾಗ್‌ಗೆ ಬರೆಯಲು ಪ್ರೋಗ್ರಾಂ ಮೊದಲೇ ನೋಂದಣಿಯಾಗಿರಬೇಕು, ಜೊತೆಗೆ ಆಡಿಟ್ ಹುಟ್ಟಿಸುವ ಹಕ್ಕು ಇರಬೇಕು. ಫ್ರೀಬಿಎಸ್‌ಡಿಯಲ್ಲಿ ರೂಟ್ (ಎಲ್ಲ ಅಧಿಕಾರವಿರುವ ಖಾತೆ) ಬೇಕು.

ಅಂದರೆ ಕೌಂಟರ್‌ನಲ್ಲಿ ಕೂತವರ ಲಾಗಿನ್‌ನಲ್ಲಿ ಓಡುವ ನಿಮ್ಮ ಪ್ರೋಗ್ರಾಂ ಎಲ್ಲಿಯೂ ನೇರವಾಗಿ ಆಡಿಟ್ ಬರೆಯಲಾರದು. ತುಂಬಾ ಜನ ಇಲ್ಲಿ ಬೇಜಾರಾಗಿ ಇಡೀ ಪ್ರೋಗ್ರಾಮನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಡಿಟ್‌ಗಾಗಿ ಇಡೀ ಸೆಕ್ಯುರಿಟಿಯನ್ನೇ ಬಿಟ್ಟುಕೊಟ್ಟ ಹಾಗಾಗುತ್ತದೆ. ಅದರ ಬದಲು ಪ್ರತಿ ಮಷೀನ್‌ನಲ್ಲಿ ಒಂದು ಚಿಕ್ಕ ಸರ್ವಿಸ್ ಇರಲಿ. ಅನುಮತಿ ಅದಕ್ಕೆ ಮಾತ್ರ. ನಿಮ್ಮ ಪ್ರೋಗ್ರಾಂ ಆ ಸರ್ವಿಸ್‌ಗೆ ಹೇಳುತ್ತದೆ, ಸರ್ವಿಸ್ ಓಎಸ್‌ಗೆ ಬರೆಯುತ್ತದೆ.

ಹೇಳುತ್ತಿರುವವರು ಯಾರು ಎಂದು ಸರ್ವಿಸ್‌ಗೆ ಗೊತ್ತಾಗುವುದು ಹೇಗೆ? ಪ್ರೋಗ್ರಾಂ ಕಳಿಸಿದ ಹೆಸರನ್ನು ನಂಬಿದರೆ ಸಿಸ್‌ಲಾಗ್‌ಗೂ ಇದಕ್ಕೂ ವ್ಯತ್ಯಾಸವಿಲ್ಲ. ಆಚೆ ಬದಿಯಲ್ಲಿ ಯಾರಿದ್ದಾರೆ ಎಂದು ಓಎಸ್‌ನ್ನೇ ಕೇಳಬೇಕು. ಲಿನಕ್ಸ್‌ನಲ್ಲಿ ಲೋಕಲ್ ಸಾಕೆಟ್‌ನ ಪಿಯರ್ ಕ್ರೆಡೆನ್ಶಿಯಲ್, ಫ್ರೀಬಿಎಸ್‌ಡಿಯಲ್ಲಿ ಗೆಟ್‌ಪಿಯರ್‌ಇಐಡಿ ಎಂಬ ಫಂಕ್ಷನ್, ವಿಂಡೋಸ್‌ನಲ್ಲಿ ನೇಮ್ಡ್ ಪೈಪ್‌ನ ಕ್ಲೈಂಟ್ ಟೋಕನ್. ಮೂರೂ ಬೇರೆ ಬೇರೆ ಕಾಲ್‌ಗಳು, ಉತ್ತರ ಮಾತ್ರ ಒಂದೇ: ಈ ಸಂದೇಶ ಕಳಿಸಿದ ಪ್ರೋಗ್ರಾಂ ಇಂಥ ಖಾತೆಯಲ್ಲಿ ಓಡುತ್ತಿದೆ. ಪೋರ್ಟಬಲ್ ಅಂದರೆ ಇದು. ಕಾಲ್ ಬೇರೆ ಇರಬಹುದು, ಅದು ಕೊಡುವ ಭರವಸೆ ಒಂದೇ ಇರಬೇಕು.

ಇಲ್ಲಿ ಸ್ವಲ್ಪ ನಿಲ್ಲೋಣ. ನಿಮ್ಮ ಸಂಘದ ದರದ ಗೊಂದಲಕ್ಕೆ ಉತ್ತರ ಇರುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಒಂದು ಕೌಂಟರ್ ಕಂಪ್ಯೂಟರ್‌ನಲ್ಲಿ ವಿಂಡೋಸ್ ಲಾಗಿನ್ ಒಂದೇ ಇರುತ್ತದೆ. ಬೆಳಿಗ್ಗೆ ಆನ್ ಮಾಡಿದವರು ಒಬ್ಬರು, ಮಧ್ಯಾಹ್ನ ಕೂತವರು ಇನ್ನೊಬ್ಬರು. ನಿಮ್ಮ ಸಾಫ್ಟ್‌ವೇರ್ ಒಳಗಿನ ಲಾಗಿನ್ ಬೇರೆ. ಓಎಸ್ ಹೇಳುವುದು 'ಕೌಂಟರ್-1' ಎಂದು. ನಿಮ್ಮ ಸಾಫ್ಟ್‌ವೇರ್ ಹೇಳುವುದು ಗುಮಾಸ್ತರ ಹೆಸರು. ಎರಡನ್ನೂ 'ಯೂಸರ್' ಎಂಬ ಒಂದೇ ಫೀಲ್ಡ್‌ಗೆ ತುರುಕಿದರೆ ಆಮೇಲೆ ಯಾವುದನ್ನು ಯಾರು ಖಚಿತಪಡಿಸಿದರು ಎಂದು ಬಿಡಿಸಲು ಆಗುವುದಿಲ್ಲ. ಅದಕ್ಕೇ ಮೂರು ಫೀಲ್ಡ್ ಇಡಿ. ಓಎಸ್ ಖಚಿತಪಡಿಸಿದ ಗುರುತು. ಅಪ್ಲಿಕೇಶನ್ ಹೇಳಿದ ಗುರುತು. ಈ ರೆಕಾರ್ಡ್ ಬರೆದುಕೊಟ್ಟ ಸರ್ವಿಸ್‌ನ ಗುರುತು.

ಲಿನಕ್ಸ್‌ನಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಒಬ್ಬರು ತಮ್ಮ ಖಾತೆಯಲ್ಲಿ ಲಾಗಿನ್ ಆಗಿ ಸುಡೋ ಕಮಾಂಡ್‌ನಿಂದ ರೂಟ್ ಆದರೆ ಯುಐಡಿ (ಖಾತೆಯ ಸಂಖ್ಯೆ) ಸೊನ್ನೆಯಾಗುತ್ತದೆ. ಆದರೆ ಲಾಗಿನ್ ಆದಾಗ ಕರ್ನಲ್ ಬರೆದುಕೊಂಡ ಆಡಿಟ್ ಯುಐಡಿ ಹಾಗೇ ಉಳಿಯುತ್ತದೆ. ಬಿಎಸ್‌ಎಂನಲ್ಲೂ ಇದೇ ಕಲ್ಪನೆ ಇದೆ. ವಿಂಡೋಸ್‌ನಲ್ಲಿ ಎಸ್‌ಐಡಿ (ಖಾತೆಯ ಗುರುತು) ಜೊತೆ ಲಾಗಾನ್ ಐಡಿ ಇರುತ್ತದೆ, ಆ ಸೆಷನ್‌ನಲ್ಲಿ ಆದದ್ದನ್ನೆಲ್ಲ ಅದರಿಂದ ಕಟ್ಟಿ ನೋಡಬಹುದು. ಹಾಗಾಗಿ ನಿಮ್ಮ ಎಪಿಐನಲ್ಲಿ 'ಮೂಲ ಲಾಗಿನ್' ಮತ್ತು 'ಈಗಿನ ಅಧಿಕಾರ' ಎರಡಕ್ಕೂ ಜಾಗ ಇರಬೇಕು. ಬೂಟ್ ಆದಾಗ ತಾನೇ ಶುರುವಾಗುವ ಸರ್ವಿಸ್‌ಗೆ ಲಿನಕ್ಸ್‌ನಲ್ಲಿ ಆಡಿಟ್ ಯುಐಡಿ ಇರುವುದಿಲ್ಲ. ಅಲ್ಲಿ 4294967295 ಎಂಬ ಸಂಖ್ಯೆ ಕಾಣುತ್ತದೆ. 32 ಬಿಟ್‌ನಲ್ಲಿ ಮೈನಸ್ ಒಂದನ್ನು ಧನ ಸಂಖ್ಯೆಯಾಗಿ ಓದಿದರೆ ಬರುವುದು ಅದೇ, 'ಹೊಂದಿಸಿಲ್ಲ' ಎಂದು ಅರ್ಥ. ಅದನ್ನು ಯಾವುದೋ ಬಳಕೆದಾರ ಎಂದು ತೋರಿಸುವ ರಿಪೋರ್ಟ್‌ಗಳನ್ನು ಕೆಲಸದಲ್ಲಿ ನೋಡಿದ್ದೇನೆ. 'ಗೊತ್ತಿಲ್ಲ', 'ಅನ್ವಯಿಸುವುದಿಲ್ಲ', 'ಖಾಲಿ', ಈ ಮೂರೂ ನಿಮ್ಮ ಎಪಿಐನಲ್ಲಿ ಬೇರೆ ಬೇರೆ ಬೆಲೆಗಳಾಗಿರಲಿ.

ಈಗ ನಿಮ್ಮ ಟೇಬಲ್‌ಗೆ ಬರೋಣ. ನೇರವಾಗಿ ಹೇಳುತ್ತೇನೆ, ಅದು ನಡೆಯುವುದಿಲ್ಲ. ಲಿನಕ್ಸ್ ಆಡಿಟ್ ರೆಕಾರ್ಡ್‌ನಲ್ಲಿ ಸಿಸ್ಟಂ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕೋರಿಕೆ) ಸಂಖ್ಯೆ 59 ಎಂದಿದ್ದರೆ ಏನರ್ಥ? 64 ಬಿಟ್ ಇಂಟೆಲ್ ಮಷೀನ್‌ನಲ್ಲಿ ಎಕ್ಸೆಕ್‌ವಿಇ, ಅಂದರೆ ಹೊಸ ಪ್ರೋಗ್ರಾಂ ಓಡಿಸಿದ್ದು. 32 ಬಿಟ್ ಇಂಟೆಲ್‌ನಲ್ಲಿ ಅದೇ ಕಾಲ್‌ನ ಸಂಖ್ಯೆ 11. ಆದರೆ 64 ಬಿಟ್‌ನಲ್ಲಿ 11 ಅಂದರೆ ಮೆಮೊರಿ ಬಿಟ್ಟುಕೊಡುವ ಮ್ಯೂನ್‌ಮ್ಯಾಪ್. 64 ಬಿಟ್ ಆರ್ಮ್‌ನಲ್ಲಿ ಎಕ್ಸೆಕ್‌ವಿಇ 221. ಒಂದೇ ಲಿನಕ್ಸ್‌ನ ಒಳಗೇ ಹೀಗೆ. ರೆಕಾರ್ಡ್‌ನಲ್ಲಿ ಆರ್ಕಿಟೆಕ್ಚರ್ ಫೀಲ್ಡ್ ಇರುವುದು ಅದಕ್ಕೇ. ಅದನ್ನು ಬಿಟ್ಟು ಸಂಖ್ಯೆ ಮಾತ್ರ ಉಳಿಸಿಕೊಂಡರೆ ದಾಖಲೆ ಸುಳ್ಳು ಹೇಳುತ್ತದೆ.

ಎರರ್ ಸಂಖ್ಯೆಗಳೂ ಹಾಗೇ. ಲಿನಕ್ಸ್‌ನಲ್ಲಿ 11 ಅಂದರೆ 'ಸದ್ಯಕ್ಕೆ ಆಗದು, ಮತ್ತೆ ಪ್ರಯತ್ನಿಸಿ', 35 ಅಂದರೆ ಡೆಡ್‌ಲಾಕ್ (ಒಂದಕ್ಕೊಂದು ಕಾಯುತ್ತ ಸಿಕ್ಕಿಕೊಂಡದ್ದು). ಫ್ರೀಬಿಎಸ್‌ಡಿಯಲ್ಲಿ ಸರಿಯಾಗಿ ಉಲ್ಟಾ. ಅಲ್ಲಿ 35 ಅಂದರೆ ಮತ್ತೆ ಪ್ರಯತ್ನಿಸಿ, 11 ಅಂದರೆ ಡೆಡ್‌ಲಾಕ್. ಓಪನ್‌ಬಿಎಸ್‌ಎಂ ಮಾಡಿದವರು ಇದಕ್ಕಾಗಿ ಬೇರೆಯೇ ಎರರ್ ಪಟ್ಟಿ ಇಟ್ಟುಕೊಂಡರು. ಬರೆಯುವಾಗ ಲೋಕಲ್ ಸಂಖ್ಯೆಯನ್ನು ಆ ಪಟ್ಟಿಯ ಸಂಖ್ಯೆಗೆ ಬದಲಾಯಿಸುತ್ತಾರೆ, ಓದುವಾಗ ವಾಪಸ್. ನೀವು ಸಂಖ್ಯೆಯ ಬದಲು ಹೆಸರನ್ನೇ ಬರೆಯಿರಿ, ಮೂಲ ಸಂಖ್ಯೆ ಪಕ್ಕದಲ್ಲಿರಲಿ.

ವಿಂಡೋಸ್‌ನಲ್ಲಿ ತೊಂದರೆ ಬೇರೆ ತರಹದ್ದು. ಲಾಗಿನ್ ಆಯಿತು ಎಂಬ ಈವೆಂಟ್ ಹಳೆಯ ಎಕ್ಸ್‌ಪಿ, 2003ರಲ್ಲಿ 528 ಆಗಿತ್ತು. ವಿಸ್ಟಾದಿಂದ 4624 ಆಯಿತು. ಹಳೆಯದಕ್ಕೆ 4096 ಕೂಡಿಸಿದರೆ ಹೊಸದು ಸಿಗುತ್ತದೆ. ಆದರೆ ನೆಟ್‌ವರ್ಕ್ ಲಾಗಿನ್‌ಗೆ ಮೊದಲು 540 ಎಂಬ ಬೇರೆ ಸಂಖ್ಯೆ ಇತ್ತು, ಹೊಸದರಲ್ಲಿ ಅದೂ 4624ರ ಒಳಗೇ ಸೇರಿತು. ಈಗ ಒಳಗಿನ ಲಾಗಾನ್ ಟೈಪ್ ನೋಡಿಯೇ ಬೇರೆ ಮಾಡಬೇಕು: 2 ಅಂದರೆ ಮಷೀನ್ ಮುಂದೆ ಕೂತವರು, 3 ಅಂದರೆ ನೆಟ್‌ವರ್ಕ್, 10 ಅಂದರೆ ರಿಮೋಟ್ ಡೆಸ್ಕ್‌ಟಾಪ್. ಇನ್ನು ಲಿನಕ್ಸ್‌ನಲ್ಲಿ ಒಂದು ಘಟನೆಗೆ ಒಂದೇ ಸಾಲು ಇರುವುದಿಲ್ಲ. ಸಿಸ್ಟಂ ಕಾಲ್ ಒಂದು ರೆಕಾರ್ಡ್, ಫೈಲ್ ಪಾತ್ ಇನ್ನೊಂದು, ಇದ್ದ ಫೋಲ್ಡರ್ ಮತ್ತೊಂದು. ಒಂದೇ ಸಮಯ ಮತ್ತು ಒಂದೇ ಸೀರಿಯಲ್ ಸಂಖ್ಯೆ ಇರುವುದನ್ನೆಲ್ಲ ಸೇರಿಸಿದರೆ ಒಂದು ಘಟನೆ. ಬೇರೆ ಘಟನೆಯ ಸಾಲುಗಳು ನಡುವೆ ಬಂದುಹೋಗುತ್ತವೆ. ಸಾಲು ಸಾಲಾಗಿ ಓದುವ ಕೋಡ್ ಬರೆದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಅಲ್ಲಿ ಆಪಾರ್ಸ್ ಲೈಬ್ರರಿ ಇದೆ, ಜೋಡಿಸುವ ಕೆಲಸವನ್ನು ಅದಕ್ಕೇ ಬಿಡಿ.

ಹಾಗಾದರೆ ಪೋರ್ಟಬಲ್ ಆಗಬೇಕಾದದ್ದು ಏನು? ಘಟನೆಯ ಅರ್ಥ ಮಾತ್ರ. 'ಲಾಗಿನ್', 'ಪ್ರೋಗ್ರಾಂ ಶುರು', 'ಫೈಲ್ ಬದಲಾವಣೆ', 'ಅಧಿಕಾರ ಬದಲಾವಣೆ', 'ಆಡಿಟ್ ಲಾಗ್ ಅಳಿಸಿದ್ದು' ಹೀಗೆ ಕೆಲವೇ ವರ್ಗ ಮಾಡಿಕೊಳ್ಳಿ. ಪ್ರತಿಯೊಂದರಲ್ಲೂ ಯಾರು, ಏನು, ಯಾವುದರ ಮೇಲೆ, ಯಾವಾಗ, ಫಲ ಏನು. ಇದು ಪುಸ್ತಕದಲ್ಲಿ ಬರೆದ ಲೆಕ್ಕ. ಅದರ ಜೊತೆಗೆ ಓಎಸ್ ಕೊಟ್ಟ ಮೂಲ ರೆಕಾರ್ಡನ್ನು ಒಂದು ಬೈಟೂ ಬದಲಾಯಿಸದೆ ಇಟ್ಟುಕೊಳ್ಳಿ. ಗಂಜ್‌ನಲ್ಲಿ ಖಾತೆ ಪುಸ್ತಕದ ಜೊತೆ ವೇಬ್ರಿಡ್ಜ್ ಚೀಟಿಯನ್ನೂ ಇಡುತ್ತಾರಲ್ಲ, ಹಾಗೆ. ಪುಸ್ತಕದ ಬಗ್ಗೆ ಅನುಮಾನ ಬಂದರೆ ಚೀಟಿ ನೋಡಬಹುದು. ನಾಳೆ ನಿಮ್ಮ ಅನುವಾದದ ಕೋಡ್‌ನಲ್ಲಿ ತಪ್ಪು ಸಿಕ್ಕರೂ ಮೂಲದಿಂದ ಮತ್ತೆ ಮಾಡಿಕೊಳ್ಳಬಹುದು. ಜಾಗ ಜಾಸ್ತಿ ಬೇಕು, ನಿಜ. ಆ ಖರ್ಚಿಗೆ ಹಿಂಜರಿಯಬೇಡಿ.

ಬರೆಯುವ ಎಪಿಐ ಹೇಗಿರಬೇಕು? ಒಂದು ಸ್ಟ್ರಿಂಗ್ ತೆಗೆದುಕೊಳ್ಳುವ ಫಂಕ್ಷನ್ ಮಾತ್ರ ಬೇಡವೇ ಬೇಡ. ಬಳಕೆದಾರ ಕೊಟ್ಟ ಹೆಸರಿನಲ್ಲಿ ಒಂದು ಹೊಸಸಾಲಿನ ಗುರುತು ಸೇರಿಸಿ, ಅದರ ಮುಂದೆ 'ಫಲ=ಯಶಸ್ವಿ' ಎಂದು ಬರೆದರೆ ನಿಮ್ಮ ಲಾಗ್‌ನಲ್ಲಿ ಒಂದು ನಕಲಿ ಸಾಲು ಹುಟ್ಟುತ್ತದೆ. ಲಾಗ್ ಇಂಜೆಕ್ಷನ್ ಅನ್ನುವುದು ಇದಕ್ಕೇ. ಶುರು ಮಾಡು, ಫೀಲ್ಡ್ ಸೇರಿಸು, ಒಪ್ಪಿಸು, ಹೀಗೆ ಮೂರು ಹಂತ ಇರಲಿ. ಪ್ರತಿ ಫೀಲ್ಡ್‌ಗೂ ಜಾತಿ ಇರಲಿ: ಸಂಖ್ಯೆ, ಸಮಯ, ಪಾತ್, ಗುರುತು, ಪಠ್ಯ. ಪಠ್ಯವನ್ನು ಸುರಕ್ಷಿತ ಮಾಡುವ ಕೆಲಸ ಲೈಬ್ರರಿಯದ್ದು, ಕರೆಯುವವರದ್ದಲ್ಲ. ಒಳಗಿನ ಸ್ಟ್ರಕ್ಚರ್ ಹೊರಗೆ ಕಾಣದಿರಲಿ, ಆಗ ನಾಳೆ ಫೀಲ್ಡ್ ಸೇರಿಸಿದರೂ ಹಳೆಯ ಪ್ರೋಗ್ರಾಂ ಮುರಿಯುವುದಿಲ್ಲ.

ಕನ್ನಡ ಪಠ್ಯದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಹೊರಗಿನ ಕೈಪಿಡಿಗಳಲ್ಲಿ ಇದು ಸುಲಭವಾಗಿ ಸಿಗುವುದಿಲ್ಲ, ನಿಮಗೆ ಮೊದಲ ದಿನವೇ ಎದುರಾಗುತ್ತದೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ 'ರೈತ' ಎಂಬ ಫೋಲ್ಡರ್ ಇದೆ ಅಂದುಕೊಳ್ಳಿ. ಲಿನಕ್ಸ್ ಆಡಿಟ್ ಸಾದಾ ಇಂಗ್ಲಿಷ್ ಅಕ್ಷರಗಳಾಚೆ ಏನೇ ಕಂಡರೂ ಇಡೀ ಹೆಸರನ್ನು ಹೆಕ್ಸ್ (16ರ ಆಧಾರದ ಅಂಕಿ) ಆಗಿ ಬರೆಯುತ್ತದೆ. ಸ್ಪೇಸ್ ಇದ್ದರೂ ಅಷ್ಟೇ. ಮಾಡುವುದು ಸರಿಯೇ, ಇಂಜೆಕ್ಷನ್ ತಡೆಯುವ ದಾರಿ ಅದು. ಆದರೆ 'ರೈತ' ಎಂಬ ಮೂರು ಕೋಡ್‌ಪಾಯಿಂಟ್ (ಅಕ್ಷರ ಅಥವಾ ಚಿಹ್ನೆಯ ಯೂನಿಕೋಡ್ ಸಂಖ್ಯೆ) ಯುಟಿಎಫ್-8ರಲ್ಲಿ 9 ಬೈಟ್, ಹೆಕ್ಸ್‌ನಲ್ಲಿ 18 ಅಂಕಿ. ಲಾಗ್‌ನಲ್ಲಿ ಕನ್ನಡ ಹುಡುಕಿದರೆ ಏನೂ ಸಿಗುವುದಿಲ್ಲ. ಲಿನಕ್ಸ್‌ನಲ್ಲಿ ಒಂದು ಆಡಿಟ್ ಸಂದೇಶದ ಮಿತಿ 8,970 ಬೈಟ್. ಪೂರ್ತಿ ಕನ್ನಡವಾದರೆ ಸುಮಾರು 1,500 ಕೋಡ್‌ಪಾಯಿಂಟ್‌ಗೇ ಮುಗಿಯಿತು. ಮಿತಿಯನ್ನು ಲೈಬ್ರರಿ ಮೊದಲೇ ನೋಡಬೇಕು. ಉದ್ದವಾದರೆ ಸದ್ದಿಲ್ಲದೆ ಕತ್ತರಿಸಬಾರದು, ಎರರ್ ಕೊಡಬೇಕು ಅಥವಾ 'ಕತ್ತರಿಸಲಾಗಿದೆ' ಎಂಬ ಗುರುತು ಹಾಕಬೇಕು.

ಇನ್ನೊಂದು ಸೂಕ್ಷ್ಮ. 'ರೈ' ಯಲ್ಲಿರುವ ಐ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಒಂದೇ ಕೋಡ್‌ಪಾಯಿಂಟ್ ಆಗಿ, ಅಥವಾ ಎರಡು ತುಂಡಾಗಿ. ಈ, ಏ, ಒ, ಓ ಚಿಹ್ನೆಗಳಿಗೂ ಹೀಗೇ. ಕಣ್ಣಿಗೆ ಎರಡೂ ಒಂದೇ, ಬೈಟ್‌ಗಳು ಬೇರೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲ್ ವ್ಯವಸ್ಥೆ ಫೈಲ್ ಹೆಸರುಗಳನ್ನು ತುಂಡು ಮಾಡಿಯೇ ಇಡುತ್ತಿತ್ತು. ಆ ಮ್ಯಾಕ್‌ನಿಂದ ಬಂದ ಫೈಲ್ ಹೆಸರೂ ಲಿನಕ್ಸ್‌ನಲ್ಲಿ ಹುಟ್ಟಿದ ಹೆಸರೂ ಹೋಲಿಕೆಯಲ್ಲಿ ಹೊಂದದೇ ಹೋಗಬಹುದು. ಲಾಗ್‌ನಲ್ಲಿ ಮೂಲ ಬೈಟ್‌ಗಳನ್ನು ಮುಟ್ಟಬೇಡಿ. ಹುಡುಕಲು ಮಾತ್ರ ಒಂದೇ ರೂಪಕ್ಕೆ ತಂದ ಪ್ರತಿಯನ್ನು ಪಕ್ಕದಲ್ಲಿಡಿ.

ಸಮಯದ ವಿಷಯ ಬೇಗ ಮುಗಿಸುತ್ತೇನೆ. ಲಿನಕ್ಸ್ ಮತ್ತು ಬಿಎಸ್‌ಎಂ 1970ರಿಂದ ಎಣಿಸುತ್ತವೆ, ವಿಂಡೋಸ್ 1601ರಿಂದ. ನಡುವಿನ ಅಂತರ 11,64,44,73,600 ಸೆಕೆಂಡ್. ಎಲ್ಲವನ್ನೂ ಯುಟಿಸಿಯಲ್ಲಿ (ಜಾಗತಿಕ ಸಮಯ) ಇಟ್ಟು ತೋರಿಸುವಾಗ ಮಾತ್ರ ಐದೂವರೆ ಗಂಟೆ ಕೂಡಿಸಿ. ಕೌಂಟರ್‌ನ ಹಳೆಯ ಕಂಪ್ಯೂಟರ್‌ನಲ್ಲಿ ಮದರ್‌ಬೋರ್ಡ್ ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಿರುತ್ತದೆ. ಅದಕ್ಕೇ ಪ್ರತಿ ರೆಕಾರ್ಡ್‌ಗೆ ಏರುತ್ತಲೇ ಹೋಗುವ ಕ್ರಮಸಂಖ್ಯೆ ಮತ್ತು ಬೂಟ್‌ನ ಗುರುತು ಬೇಕು. ಸರ್ವರ್‌ಗೆ ತಲುಪಿದ ಸಮಯವನ್ನೂ ಬೇರೆಯಾಗಿ ಬರೆದಿಡಿ.

ಈಗ ಡಿಸ್ಕ್ ತುಂಬಿದರೆ ಏನು ಎಂಬ ಪ್ರಶ್ನೆ. ಇದಕ್ಕೆ ಎಲ್ಲ ಕಡೆ ಸಲ್ಲುವ ಒಂದೇ ಉತ್ತರ ಇಲ್ಲ, ಓಎಸ್‌ಗಳೂ ಒಂದೇ ಉತ್ತರ ಕೊಟ್ಟಿಲ್ಲ. ಲಿನಕ್ಸ್ ಕರ್ನಲ್‌ಗೆ ಮೂರು ಆಯ್ಕೆ ಇದೆ: ಸುಮ್ಮನಿರು, ಕರ್ನಲ್ ಲಾಗ್‌ನಲ್ಲಿ ದೂರು ಬರೆ, ಅಥವಾ ಮಷೀನನ್ನೇ ನಿಲ್ಲಿಸು. ವಿಂಡೋಸ್‌ನಲ್ಲೂ ಆಡಿಟ್ ಬರೆಯಲಾಗದಿದ್ದರೆ ತಕ್ಷಣ ಮಷೀನ್ ಬಂದ್ ಮಾಡು ಎಂಬ ಪಾಲಿಸಿ ಇದೆ. ತೊಗರಿ ಸೀಸನ್‌ನಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿರುವಾಗ ವೇಬ್ರಿಡ್ಜ್ ಕಂಪ್ಯೂಟರ್ ಹೀಗೆ ಬಂದ್ ಆದರೆ ಮಾರನೆಯ ದಿನವೇ ಯಾರಾದರೂ ಆಡಿಟನ್ನೇ ಆಫ್ ಮಾಡುತ್ತಾರೆ. ಆ ಅಪಾಯ ಜಾಸ್ತಿ, ಅಲ್ವಾ? ಪೂರ್ತಿ ಸಡಿಲ ಬಿಟ್ಟರೆ ಇನ್ನೊಂದು ಅಪಾಯ. ಕದಿಯಬೇಕು ಎಂದವರು ಮೊದಲು ಡಿಸ್ಕ್ ತುಂಬಿಸಿ, ಆಮೇಲೆ ದರ ಬದಲಾಯಿಸುತ್ತಾರೆ.

ನಾನು ಹೇಳುವುದು ಘಟನೆಯ ವರ್ಗ ನೋಡಿ ಬೇರೆ ಬೇರೆ ಮಾಡಿ ಎಂದು. ಹಳೆಯ ಖರೀದಿಯ ದರ ತಿದ್ದುವುದು, ರೈತರ ಬ್ಯಾಂಕ್ ಖಾತೆ ಬದಲಾಯಿಸುವುದು, ಬಳಕೆದಾರರ ಅಧಿಕಾರ ಹೆಚ್ಚಿಸುವುದು, ಇಂಥವು ಆಡಿಟ್ ಬರೆಯಲಾಗದಿದ್ದರೆ ನಡೆಯಬಾರದು. ಅರ್ಧ ದಿನ ತಡವಾದರೆ ಏನೂ ಆಗುವುದಿಲ್ಲ. ತೂಕ ಹಾಕುವುದು, ಚೀಟಿ ಕೊಡುವುದು ನಿಲ್ಲಬಾರದು. ಅವನ್ನು ಲೋಕಲ್ ಕ್ಯೂನಲ್ಲಿ ಇಟ್ಟು ಆಮೇಲೆ ಕಳಿಸಿ. ಜೇವರ್ಗಿಯಲ್ಲಿ ನೆಟ್ ಹೋದಾಗಲೂ ಇದೇ ಕ್ಯೂ ಕೆಲಸಕ್ಕೆ ಬರುತ್ತದೆ. ಎಪಿಐನಲ್ಲಿ ಇದು ಕಾಣಬೇಕು. ಒಪ್ಪಿಸುವ ಫಂಕ್ಷನ್ 'ಓಎಸ್‌ಗೆ ಬರೆದಾಯಿತು', 'ಕ್ಯೂನಲ್ಲಿದೆ', 'ಆಗಲಿಲ್ಲ' ಎಂಬ ಮೂರು ಉತ್ತರ ಕೊಡಲಿ. ಮುಂದೆ ಏನು ಮಾಡಬೇಕು ಎಂಬುದನ್ನು ಕರೆದವರು ನಿರ್ಧರಿಸಲಿ. ಏನೂ ಹಿಂತಿರುಗಿಸದ ಆಡಿಟ್ ಫಂಕ್ಷನ್ ಬರೆಯಲೇಬೇಡಿ.

ಮುಖ್ಯವಾದ ಬದಲಾವಣೆಗೆ ಎರಡು ರೆಕಾರ್ಡ್ ಬೇಕು. ಮಾಡುವ ಮೊದಲು 'ಪ್ರಯತ್ನ', ಮಾಡಿದ ಮೇಲೆ 'ಫಲ'. ನಡುವೆ ಕರೆಂಟ್ ಹೋದರೆ ಪ್ರಯತ್ನ ಮಾತ್ರ ಉಳಿದಿರುತ್ತದೆ, ಅದೂ ಒಂದು ಮಾಹಿತಿಯೇ. ಕ್ಯೂ ತುಂಬಿ ರೆಕಾರ್ಡ್ ಬಿಡಲೇಬೇಕಾಗಿ ಬಂದರೆ, ಎಷ್ಟು ಬಿಟ್ಟಿರಿ ಎಂಬ ರೆಕಾರ್ಡ್ ಆಮೇಲೆ ಬರೆಯಿರಿ. ಲಿನಕ್ಸ್ ಕರ್ನಲ್ ಕಳೆದುಹೋದ ಸಂದೇಶಗಳ ಲೆಕ್ಕವನ್ನು ತಾನೇ ಇಡುತ್ತದೆ, ಅದನ್ನೂ ಓದಿ ಸೇರಿಸಿ.

ನಿಯಮ ಹಾಕುವುದನ್ನು ಪೋರ್ಟಬಲ್ ಮಾಡಬೇಡಿ ಎಂದೆನಲ್ಲ. ಲಿನಕ್ಸ್‌ನಲ್ಲಿ ನಿಯಮ ಸಿಸ್ಟಂ ಕಾಲ್ ಮತ್ತು ಪಾತ್ ಮೇಲೆ. ವಿಂಡೋಸ್‌ನಲ್ಲಿ ಪಾಲಿಸಿಯ ಉಪವರ್ಗ ಮತ್ತು ಪ್ರತಿ ಫೈಲಿನ ಆಡಿಟ್ ಪಟ್ಟಿಯ ಮೇಲೆ. ಬಿಎಸ್‌ಎಂನಲ್ಲಿ ಈವೆಂಟ್ ಕ್ಲಾಸ್ ಮೇಲೆ. ಮೂರನ್ನೂ ಒಂದು ಮಾಡಿದರೆ ಎಲ್ಲದರಲ್ಲೂ ಇರುವ ಕನಿಷ್ಠ ಮಾತ್ರ ಉಳಿಯುತ್ತದೆ. ಓಎಸ್ ಬದಲಾಗುತ್ತಲೂ ಇರುತ್ತದೆ. ಲಿನಕ್ಸ್‌ನಲ್ಲಿ ಐಓ ಯುರಿಂಗ್ ಎಂಬ ಹೊಸ ವ್ಯವಸ್ಥೆ ಬಂದ ಮೇಲೆ ಮಾಮೂಲಿ ಓಪನ್ ಸಿಸ್ಟಂ ಕಾಲ್ ಇಲ್ಲದೆಯೇ ಫೈಲ್ ತೆರೆಯಬಹುದಾಯಿತು, ಅದನ್ನು ಆಡಿಟ್ ಹಿಡಿಯತೊಡಗಿದ್ದು 5.16ನೇ ಕರ್ನಲ್‌ನಿಂದ. ಮ್ಯಾಕ್‌ನಲ್ಲಿ ಇನ್ನೂ ದೊಡ್ಡ ಬದಲಾವಣೆ. ಹಳೆಯ ಬಿಎಸ್‌ಎಂ ಆಡಿಟ್ ಮ್ಯಾಕ್‌ಓಎಸ್ 11ರಿಂದ ಕೈಬಿಡುವ ಪಟ್ಟಿಗೆ ಸೇರಿತು, 14ರಿಂದ ಮೊದಲಿಗೆ ಆಫ್ ಆಗಿಯೇ ಬರುತ್ತದೆ. ಅದರ ಜಾಗಕ್ಕೆ ಬಂದ ಎಂಡ್‌ಪಾಯಿಂಟ್ ಸೆಕ್ಯುರಿಟಿ ಬಳಸಲು ಆಪಲ್‌ನಿಂದ ವಿಶೇಷ ಅನುಮತಿ ಬೇಕು. ಒಬ್ಬ ಮಾಲೀಕರ ಒಂದು ಮ್ಯಾಕ್‌ಗಾಗಿ ಅಷ್ಟೆಲ್ಲ ಬೇಡ. ಅವರು ಬ್ರೌಸರ್‌ನಲ್ಲಿ ನೋಡಲಿ, ಆಡಿಟ್ ಸರ್ವರ್‌ನಲ್ಲೇ ಆಗಲಿ. ಉಳಿದ ಮೂರಕ್ಕೆ ನಿಯಮಗಳನ್ನು ಆಯಾ ಓಎಸ್‌ನ ಭಾಷೆಯಲ್ಲೇ ಬರೆದು ಇನ್‌ಸ್ಟಾಲರ್ ಜೊತೆ ಕೊಡಿ.

ಓದುವ ಕೆಲಸಕ್ಕೆ ನಿಮ್ಮ ಮುಂದೆ ಎರಡು ದಾರಿ ಇವೆ. ನೀವೇ ಮೂರು ರೀಡರ್ ಬರೆಯಬಹುದು. ಆಗ ಎಲ್ಲಿಯವರೆಗೆ ಓದಿದಿರಿ ಎಂಬ ಬುಕ್‌ಮಾರ್ಕ್, ಲಾಗ್ ಫೈಲ್ ತಿರುಗಿದಾಗ ಬಿಟ್ಟುಹೋಗದ ಹಾಗೆ ನೋಡುವುದು, ಎಲ್ಲವೂ ನಿಮ್ಮ ತಲೆಯ ಮೇಲೆ. ಅಥವಾ ಲಾಗ್ ಓದಿ ಕಳಿಸುವ ಓಎಸ್‌ಕ್ವೆರಿ, ವಾಜುಹ್ ತರಹದ ಮುಕ್ತ ಏಜೆಂಟ್ ಹಾಕಬಹುದು. ಅವು ನಿಮ್ಮ ಹಿಡಿತದಲ್ಲಿ ಇರುವುದಿಲ್ಲ, ಹಳೆಯ ಕೌಂಟರ್ ಮಷೀನ್‌ಗೆ ಭಾರವಾಗಬಹುದು, ಅಪ್‌ಡೇಟ್ ನೋಡಿಕೊಳ್ಳಬೇಕು. ಚಿಕ್ಕ ತಂಡಕ್ಕೆ ನನ್ನ ಸಲಹೆ ಎರಡನೆಯದು. ನಿಮ್ಮ ಶ್ರಮ ಬರೆಯುವ ಎಪಿಐಗೆ ಹೋಗಲಿ. ದರ ಬದಲಾದದ್ದು ನಿಮ್ಮ ಸಾಫ್ಟ್‌ವೇರ್‌ಗೆ ಮಾತ್ರ ಗೊತ್ತು. ಓಎಸ್‌ಗೆ ಕಂಡದ್ದು ಡೇಟಾಬೇಸ್ ಫೈಲ್‌ಗೆ ಏನೋ ಬರೆದರು ಎಂದಷ್ಟೇ.

ಎಷ್ಟು ದಿನ ಇಡಬೇಕು? ಸೈಬರ್ ಭದ್ರತೆಯ ಕೇಂದ್ರ ಸರ್ಕಾರಿ ಸಂಸ್ಥೆ ಸರ್ಟ್-ಇನ್ 28 ಏಪ್ರಿಲ್ 2022ರಂದು ಕೊಟ್ಟ ನಿರ್ದೇಶನದಲ್ಲಿ ಲಾಗ್‌ಗಳನ್ನು 180 ದಿನ ಇಡಬೇಕು, ಗಡಿಯಾರವನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಎಂಬ ಸರ್ಕಾರಿ ಸಂಸ್ಥೆಗಳ ಸಮಯಕ್ಕೆ ಹೊಂದಿಸಿರಬೇಕು, ಸೈಬರ್ ದಾಳಿಯಂಥ ಘಟನೆಯನ್ನು 6 ಗಂಟೆಯೊಳಗೆ ತಿಳಿಸಬೇಕು ಎಂದಿದೆ. ಇನ್ನು ಮೊದಲಿಗೆ ಬರುವ ಸೆಟ್ಟಿಂಗ್ ನೋಡಿ. ಲಿನಕ್ಸ್‌ನಲ್ಲಿ ಆಡಿಟ್ ಲಾಗ್ ಬರೆಯುವ ಆಡಿಟ್‌ಡಿ 8 ಎಂಬಿಯ 5 ಫೈಲ್ ಇಟ್ಟು ಹಳೆಯದನ್ನು ಬಿಡುತ್ತದೆ. ವಿಂಡೋಸ್ ಸೆಕ್ಯುರಿಟಿ ಲಾಗ್ ಸಾಮಾನ್ಯವಾಗಿ 20 ಎಂಬಿ, ತುಂಬಿದರೆ ಹಳೆಯದರ ಮೇಲೆ ಬರೆಯುತ್ತದೆ. ಕೆಲಸ ಜೋರಾಗಿರುವ ಮಷೀನ್‌ನಲ್ಲಿ ಇದು ಕೆಲವೇ ದಿನಕ್ಕೆ ಸಾಕಾಗುತ್ತದೆ. ಲಾಗ್ ಬೇರೆ ಮಷೀನ್‌ಗೆ ಹೋಗಲೇಬೇಕು. ಆ ಮಷೀನ್‌ನ ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಕಂಪನಿಯವರ ಬಳಿ ಇರಬಾರದು, ಸಂಘದವರ ಬಳಿ ಇರಲಿ. ಪ್ರತಿ ರೆಕಾರ್ಡ್‌ನಲ್ಲಿ ಹಿಂದಿನದರ ಹ್ಯಾಶ್ (ವಿಷಯ ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ) ಸೇರಿಸಿ. ಹ್ಯಾಶ್ ಸರಪಳಿಯನ್ನು ಮೊದಲಿಂದ ಕೊನೆಯವರೆಗೆ ಮತ್ತೆ ಬರೆಯಲು ಸಾಧ್ಯ, ಹಾಗಾಗಿ ದಿನದ ಕೊನೆಯ ಹ್ಯಾಶ್ ಪ್ರತಿ ಸಂಜೆ ಸಂಘದ ಕಾರ್ಯದರ್ಶಿಗೂ ಹೋಗಲಿ. "ನೀವೇ ಬರೆದಿರಬಹುದಲ್ಲ" ಎಂಬ ಮಾತಿಗೆ ಆಗ ತೋರಿಸಲು ಏನಾದರೂ ಇರುತ್ತದೆ.

ಲಾಗ್‌ನಲ್ಲಿ ರೈತರ ಪೂರ್ತಿ ಬ್ಯಾಂಕ್ ಖಾತೆ ಸಂಖ್ಯೆ, ಆಧಾರ್, ಪಾಸ್‌ವರ್ಡ್ ಇರಬಾರದು. ವಿಂಡೋಸ್‌ನ 4688 ಈವೆಂಟ್‌ನಲ್ಲಿ (ಪ್ರೋಗ್ರಾಂ ಶುರುವಾಯಿತು ಎಂಬುದು) ಕಮಾಂಡ್ ಸಾಲು ಸೇರಿಸುವುದನ್ನು ಆನ್ ಮಾಡುವ ಮೊದಲು ನಿಮ್ಮ ಬ್ಯಾಕಪ್ ಸ್ಕ್ರಿಪ್ಟ್ ನೋಡಿ. ಅದರಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇದ್ದರೆ ಅದೂ ಲಾಗ್‌ಗೆ ಹೋಗುತ್ತದೆ.

ಕೋಡ್ ಬರೆಯುವ ಮೊದಲು ಟೆಸ್ಟ್ ಬರೆಯಿರಿ. ಲಿನಕ್ಸ್, ವಿಂಡೋಸ್, ಫ್ರೀಬಿಎಸ್‌ಡಿ ಮೂರರಲ್ಲೂ ಒಂದೇ ಟೆಸ್ಟ್ ಓಡಬೇಕು. ಹೆಸರಿನಲ್ಲಿ ಹೊಸಸಾಲು ಇರುವ ಬಳಕೆದಾರ. ಮೇಲೆ ಹೇಳಿದ ಎರಡೂ ರೀತಿಯಲ್ಲಿ ಬರೆದ 'ರೈತ'. ಬೇರೆಯವರ ಹೆಸರು ಹೇಳಿಕೊಂಡು ಸರ್ವಿಸ್‌ಗೆ ಸಂದೇಶ ಕಳಿಸುವ ಪ್ರೋಗ್ರಾಂ. ಪ್ರಯತ್ನ ಮತ್ತು ಫಲದ ನಡುವೆ ಕೊಂದ ಪ್ರೋಸೆಸ್. ಹಿಂದಕ್ಕೆ ಹೋದ ಗಡಿಯಾರ. ತುಂಬಿದ ಡಿಸ್ಕ್. ಇವುಗಳಲ್ಲಿ ಯಾವುದಾದರೂ ಒಂದು ಓಎಸ್‌ನಲ್ಲಿ ಬೇರೆ ಉತ್ತರ ಕೊಟ್ಟರೆ ಎಪಿಐಯ ಹೆಡರ್ ಫೈಲ್‌ನಲ್ಲೇ ಆ ವ್ಯತ್ಯಾಸವನ್ನು ಬರೆದಿಡಿ, ಬಳಸುವವರಿಗೆ ಮೊದಲೇ ಕಾಣಲಿ. ವೇಬ್ರಿಡ್ಜ್ ಕಂಪ್ಯೂಟರ್‌ಗೆ ಹಾಕುವ ಮೊದಲು ಸರ್ವರ್‌ನಲ್ಲಿ ದರ ತಿದ್ದುವ ಒಂದೇ ಕೆಲಸಕ್ಕೆ ಇದನ್ನು ಜೋಡಿಸಿ, ಒಂದು ಸೀಸನ್ ಓಡಿಸಿ ನೋಡಿ.